ನೇತ್ರಾವತಿಯ ಕುದ್ರು ಕದ್ದವರಾರು?



ಇನ್ನೊಂದು ಮಳೆಗಾಲ ಬಾಗಿಲಿಗೆ ಬಂದಿದೆ. ನೇತ್ರಾವತಿಯ ನಡುವಿನ ದ್ವೀಪ, ಪಾವೂರು ಉಳಿಯ ಕುದ್ರು, ಈ ಸಲ ಎಷ್ಟು ಸೆಂಟ್ಸ್ ಕಳೆದುಕೊಳ್ಳುತ್ತದೋ ಹೇಳುವವರಿಲ್ಲ. ದಂಡೆಯ ತೆಂಗಿನ ಬುಡದಲ್ಲಿ ಮಣ್ಣು ಜಾರಿ ಬೇರುಗಳು ಗಾಳಿಯಲ್ಲಿ ನೇತಾಡುತ್ತಿವೆ; ಮೊದಲು ಆ ಮರ, ನಂತರ ಅದರ ಹಿಂದಿನದು, ಆಮೇಲೆ ಮನೆಯಂಗಳ. ಕಡತದಲ್ಲಿ ಇದರ ಹೆಸರು ನದಿ ಕೊರೆತ. ನೇತ್ರಾವತಿಯೇನು ನಿನ್ನೆ ಮೊನ್ನೆ ಹುಟ್ಟಿದ್ದೇ? ನೆರೆಯಲ್ಲಿ ಹೊತ್ತು ತಂದ ಮೆಕ್ಕಲಿನಿಂದ ಕುದ್ರು ಕಟ್ಟಿದ್ದೂ ಅದೇ ನದಿ. ಈಗ ಅದನ್ನು ನುಂಗುತ್ತಿರುವುದು ಮರಳುಗಾರಿಕೆ: ದಂಡೆಯ ಪಕ್ಕದಲ್ಲೇ ಮರಳು ತೋಡಿದರೆ ನದಿಯ ತಳದಲ್ಲಿ ಗುಂಡಿ ಬೀಳುತ್ತದೆ, ಗುಂಡಿಗೆ ದಂಡೆಯ ಅಡಿಮಣ್ಣು ಇಳಿಯುತ್ತದೆ, ಆಟಿ ತಿಂಗಳ ಮಳೆನೀರು ಬಂದಾಗ ಮೇಲಿನದ್ದು ಒಟ್ಟಿಗೇ ಕುಸಿಯುತ್ತದೆ. ಮುಗಿಯಿತು. ಇಷ್ಟಕ್ಕೆ ತಜ್ಞರ ಸಮಿತಿ ಬೇಕೆ?

"ದ್ವೀಪ ಅಂದಮೇಲೆ ಮುಳುಗುವುದು ಸಹಜ" ಎನ್ನುವ ಮಹಾಜ್ಞಾನಿಗಳಿದ್ದಾರೆ. ಅವರು ಅಮೆರಿಕದ ಚೆಸಪೀಕ್ ಕೊಲ್ಲಿಯ ಕತೆ ಕೇಳಲಿ. ಅಲ್ಲಿನ ಹಾಲೆಂಡ್ ದ್ವೀಪದಲ್ಲಿ 1910ರ ಹೊತ್ತಿಗೆ 300ಕ್ಕೂ ಹೆಚ್ಚು ಜನ, ಶಾಲೆ, ಇಗರ್ಜಿ ಎಲ್ಲ ಇದ್ದವು. ಅಲೆ ದಡ ತಿನ್ನುತ್ತ ಬಂದಂತೆ ಜನ ಮನೆಗಳನ್ನೇ ಬಿಚ್ಚಿ ಆಚೆ ದಡಕ್ಕೆ ಸಾಗಿಸಿದರು. ಉಳಿದಿದ್ದ ಕೊನೆಯ ಮನೆ 2010ರಲ್ಲಿ ನೀರಿಗೆ ಬಿತ್ತು. ನಮ್ಮ ದೇಶದ್ದೇ ಆದ ಹೂಗ್ಲಿ ಮುಖಜದ ಲೋಹಾಚರಾ ದ್ವೀಪ ನೀರಿನಡಿ ಹೋಯಿತು, ಪಕ್ಕದ ಘೋರಾಮಾರಾ ಅರ್ಧಕ್ಕೆ ಇಳಿದಿದೆ. ಚೆಸಪೀಕ್‌ನಲ್ಲಿ ನೆಲವೇ ತಗ್ಗುತ್ತಿದೆ, ಕಡಲು ಏರುತ್ತಿದೆ. ಹಾಗಿದ್ದೂ 1847ರಲ್ಲಿ 1,000 ಎಕರೆಗೂ ಮಿಕ್ಕಿದ್ದು 1990ರ ದಶಕಕ್ಕೆ 5 ಎಕರೆಯಷ್ಟಾಗಿದ್ದ ಪಾಪ್ಲರ್ ದ್ವೀಪವನ್ನು 1998ರಿಂದ ಮತ್ತೆ ಕಟ್ಟುತ್ತಿದ್ದಾರೆ, ಬಾಲ್ಟಿಮೋರ್ ಬಂದರಿನ ಹಡಗು ದಾರಿಯಲ್ಲಿ ಎತ್ತಿದ ಹೂಳು ತಂದು ಸುರಿದು! ಹೂಳೆತ್ತಿ ಅಲ್ಲಿ ದ್ವೀಪ ಮಾಡುತ್ತಾರೆ; ಮರಳೆತ್ತಿ ಇಲ್ಲಿ ದ್ವೀಪ ಮಾರುತ್ತಾರೆ. ಪ್ರಕೃತಿಯೇ ಕೆಡವಿದ್ದನ್ನು ಆ ಸರಕಾರ ಎಬ್ಬಿಸುತ್ತಿರುವಾಗ, ಮನುಷ್ಯರು ದೋಣಿಯಲ್ಲಿ ತುಂಬಿ ಒಯ್ಯುವುದನ್ನು ನಮ್ಮವರಿಗೆ ತಡೆಯಲಾಗದೇ?

"ಹಾಗಾದರೆ ಮನೆ ಕಟ್ಟಲು ಮರಳು ಬೇಡವೇ?" ಬೇಕು ಸ್ವಾಮಿ, ಖಂಡಿತ ಬೇಕು. ಕುದ್ರುವಿನವರ ಮನೆ ಕೆಡವಿಯೇ ನಿಮ್ಮ ಮನೆ ಏಳಬೇಕೆಂದು ಯಾವ ವಾಸ್ತುಶಾಸ್ತ್ರ ಹೇಳಿತು? ಕರಾವಳಿ ನಿಯಂತ್ರಣ ವಲಯದಲ್ಲಿ ದೋಣಿಗೆ ಅಡ್ಡಿಯಾಗುವ ಮರಳು ದಿಬ್ಬವನ್ನು ಸಾಂಪ್ರದಾಯಿಕ ಕೆಲಸಗಾರರು ಕೈಯಿಂದಲೇ ತೆಗೆಯಬೇಕೆಂದು ಕೇಂದ್ರ 2011ರಲ್ಲೇ ಹೇಳಿದೆ. ಕತ್ತಲಲ್ಲಿ ಗುಡುಗುಡು ಎನ್ನುವ ಯಂತ್ರ ಯಾವ ಸಂಪ್ರದಾಯದ್ದು? ಇನ್ನು ಕಡಲ್ಕೊರೆತ ಹೋರಾಟದ ಗೆಳೆಯರಿಗೂ ಒಂದು ಮಾತು. ಉಳ್ಳಾಲದ ದಡಕ್ಕೆ ವರ್ಷವೂ ಕಲ್ಲು ಹಾಕಿ ಎಂದು ಕೂಗುತ್ತೀರಿ, ಫೋಟೋಕ್ಕೂ ನಿಲ್ಲುತ್ತೀರಿ. ಕಡಲ ದಡಕ್ಕೆ ಮರಳು ಬರುವುದು ನದಿಯಿಂದ. ಅದು ದಾರಿಯಲ್ಲೇ ಟಿಪ್ಪರ್ ಹತ್ತಿ ಹೋಗುವಾಗ ನಿಮ್ಮ ಮೈಕ್ ಯಾಕೆ ಕೆಟ್ಟಿರುತ್ತದೆ? ಮರಳು ಧಕ್ಕೆಯವರ ಚಂದಾ ಅಷ್ಟು ಸಿಹಿಯೇ?

ಮಳೆ ಹಿಡಿಯುವ ಮೊದಲು ಕುದ್ರುವಿನ ಸುತ್ತ ಮರಳೆತ್ತುವುದು ನಿಲ್ಲಬೇಕು, ಹೋದ ನೆಲಕ್ಕೆ ಲೆಕ್ಕ ಸಿಗಬೇಕು. ಹೇಗೆ ಎಂದು ನಮ್ಮನ್ನು ಕೇಳಬೇಡಿ. ಅದಕ್ಕೇ ಸಂಬಳ ಪಡೆಯುವವರಿದ್ದಾರೆ, ಅವರ ಕಚೇರಿಗೆ ಈ ಕರಪತ್ರ ಹಿಡಿದು ಹೋಗಿ ಕೇಳಿ.