ಮೃದಂಗ ಯಾರು ಅಂತ ಹೇಳೋರು ಬೇಕು

ಮೊನ್ನೆ ಶನಿವಾರ ಊರಿಗೆ ಹೋಗಿದ್ದೆ. ಊರು ಅಂದ್ರೆ ಆವನಿ, ಮುಳಬಾಗಿಲು ತಾಲ್ಲೂಕು. ತಾತನ ಹಳೇ ರೇಡಿಯೋ ಕೆಟ್ಟು ಮೂಲೆ ಸೇರಿತ್ತು. ಮುಳಬಾಗಿಲಿನಲ್ಲೂ ರಿಪೇರಿ ಮಾಡೋರು ಸಿಗಲಿಲ್ಲ ಅಂತ ಬೇಜಾರಿನಲ್ಲಿದ್ದರು. ನಾನು ಸಾಫ್ಟ್‌ವೇರ್ ಮೊಮ್ಮಗ ಅಲ್ವಾ, "ಅದಕ್ಕೇನಂತೆ ತಾತಾ" ಅಂತ ನನ್ನ ಫೋನಿನಲ್ಲಿದ್ದ ಸಂಗೀತದ ಆಪ್ ತೆಗೆದು, ಸಣ್ಣ ಸ್ಪೀಕರ್ ಜೋಡಿಸಿ, ಕರ್ನಾಟಕ ಸಂಗೀತ ಹಾಕಿಕೊಟ್ಟೆ. ಒಂದು ಗಂಟೆ ಕಣ್ಮುಚ್ಚಿ ಕೇಳಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಮೃದಂಗ ಯಾರಪ್ಪಾ?"

ಫೋನ್ ನೋಡಿದೆ. ಹಾಡಿದವರ ಹೆಸರಿದೆ, ಆಲ್ಬಮ್ ಹೆಸರಿದೆ, ಎಷ್ಟು ನಿಮಿಷ ಅಂತಲೂ ಇದೆ. ಮೃದಂಗ ಯಾರು ಅಂತ ಎಲ್ಲೂ ಇಲ್ಲ. ಗೊತ್ತಿಲ್ಲ ಅಂದೆ. "ಹಂಗಾದ್ರೆ ಇದು ರೇಡಿಯೋ ಅಲ್ಲ ಬಿಡು" ಅಂದುಬಿಟ್ಟರು!

ನಿಜ ಹೇಳ್ತೀನಿ, ಅಲ್ಲಿವರೆಗೂ ನಾನು ಇನ್ನೊಂದು ಪಕ್ಷದವನು. ಆಫೀಸಿನಲ್ಲಿ ಸಂಗೀತ ಕೇಳುವ ನಾವು ಮೂರು ನಾಲ್ಕು ಜನ ಇದ್ದೇವೆ. ವಾರಾಂತ್ಯದ ಶಾಸ್ತ್ರೀಯ ಸಂಗೀತದ ಕಾರ್ಯಕ್ರಮಗಳ ಬಗ್ಗೆ ನಮ್ಮೆಲ್ಲರ ಅಭಿಪ್ರಾಯ ಒಂದೇ ಆಗಿತ್ತು: ನಿರೂಪಕರು ಮಾತಾಡೋದು ನಿಲ್ಲಿಸಲಿ, ಸುಮ್ಮನೆ ಹಾಡು ಹಾಕಲಿ. ಅದಕ್ಕೆ ಕಾರಣವೂ ಇದೆ. ಒಂದು ವಾಹಿನಿಯ ಭಾನುವಾರದ ಕಾರ್ಯಕ್ರಮದಲ್ಲಿ ತನಿ ಆವರ್ತನ ಮುಗಿಯುವ ಮೊದಲೇ ನಿರೂಪಕಿಯ ಧ್ವನಿ ಮೇಲೆ ಬಂದು ಕೂತಿತು. ಇನ್ನೊಮ್ಮೆ ಖರಹರಪ್ರಿಯ ರಾಗ ಅವರ ಬಾಯಲ್ಲಿ 'ಕರಾಹಾರಪ್ರಿಯ' ಆಯ್ತು. ಮೇಲಿಂದ 'ಸುಮಧುರ', 'ಮನಮೋಹಕ', 'ಗಾನಸುಧೆ'ಗಳ ಮಳೆ. ಸುಮಧುರವೋ ಅಲ್ಲವೋ ನಾವು ಕೇಳಿ ಹೇಳ್ತೀವಿ ಸ್ವಾಮಿ, ನೀವು ರಾಗ ಯಾವುದು ಅಂತ ಹೇಳಿ ಸಾಕು!

ಆದರೆ ತಾತನ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ತಾತ ಸಂಗೀತ ಕಲಿತವರಲ್ಲ. ರೇಷ್ಮೆ ಹುಳು ಸಾಕಿಕೊಂಡು ಬದುಕಿದವರು. ಮನೆಯಲ್ಲಿ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಆದರೂ ಮೋಹನಕ್ಕೂ ಬಿಲಹರಿಗೂ ವ್ಯತ್ಯಾಸ ಹೇಳ್ತಾರೆ. ಎರಡಕ್ಕೂ ಆರೋಹಣ ಒಂದೇ, ಇಳಿಯುವಾಗ ಮಾತ್ರ ಬಿಲಹರಿ ಏಳೂ ಸ್ವರ ಹಿಡಿದು ಇಳಿಯುತ್ತೆ ಅಂತ ನನಗೆ ಪುಸ್ತಕ ಓದಿ ಗೊತ್ತು. ತಾತನಿಗೆ ಇದನ್ನೆಲ್ಲ ಕಲಿಸಿದವರು ಯಾರು? ರೇಡಿಯೋದ ಉದ್ಘೋಷಕರು. ಹುಳುಮನೆಯಲ್ಲಿ ರಾತ್ರಿಯ ಕೊನೇ ಸೊಪ್ಪು ಹಾಕುವ ಹೊತ್ತಿಗೆ ರೇಡಿಯೋ ಹಾಡ್ತಾ ಇರ್ತಿತ್ತು. ಕೃತಿ ಶುರುವಾಗುವ ಮೊದಲು ಒಂದು ಸಲ, ಮುಗಿದ ಮೇಲೆ ಇನ್ನೊಂದು ಸಲ: ರಾಗ, ತಾಳ, ರಚನೆ, ಪಕ್ಕವಾದ್ಯದವರ ಹೆಸರು. ನಲವತ್ತು ವರ್ಷ ಹೀಗೆ ಕೇಳಿದರೆ ಯಾರಿಗಾದರೂ ಬಂದೇ ಬರುತ್ತೆ.

ಬೆಂಗಳೂರಿನ ಎಫ್ಎಂ ನಮ್ಮೂರಿನ ತನಕ ನೆಟ್ಟಗೆ ಬರೋದಿಲ್ಲ. ನಾನು ಕಾಲೇಜಿಗೆ ಬೆಂಗಳೂರಿಗೆ ಬಂದ ಮೇಲೇ 100.1ರ ಅಮೃತವರ್ಷಿಣಿ ಕೇಳಿದ್ದು. ತಾತನದೆಲ್ಲ ಮೀಡಿಯಂ ವೇವ್, ಬೆಂಗಳೂರಿನ 612. ಪಂಪ್‌ಸೆಟ್ ಸ್ಟಾರ್ಟರ್ ಹಾಕಿದಾಗೆಲ್ಲ ಗರ್ರ್ ಅಂತಿತ್ತು. ರಾತ್ರಿಯಾದರೆ ಮೀಡಿಯಂ ವೇವ್ ಅಲೆಗಳು ಆಕಾಶದಿಂದ ಪ್ರತಿಫಲಿಸಿ ದೂರ ಹೋಗುತ್ತವೆ, ಹಾಗಾಗಿ ಚೆನ್ನೈ ಕೂಡ ಸಿಗ್ತಿತ್ತು. ತಮಿಳು ಬರದಿದ್ದರೂ ತೊಂದರೆ ಇಲ್ಲ. ಕಾಂಭೋಜಿ, ಆದಿತಾಳ, ತ್ಯಾಗರಾಜರು ಅನ್ನೋದು ಎಲ್ಲ ಭಾಷೆಯಲ್ಲೂ ಅದೇ ತಾನೇ?

ಶನಿವಾರ ರಾತ್ರಿಯ ಆಕಾಶವಾಣಿ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಶುರುವಾಗಿದ್ದು 1952ರ ಜುಲೈ 20ಕ್ಕೆ. ಒಂದೂವರೆ ಗಂಟೆ ಸಂಗೀತ, ದೇಶದ ಉದ್ದಗಲಕ್ಕೂ ಪ್ರಸಾರ. ಕರ್ನಾಟಕ ಸಂಗೀತ ಕೇಳದ ಉತ್ತರದವರು ಅದನ್ನು ಕೇಳಿದರು, ಹಿಂದೂಸ್ತಾನಿ ಗೊತ್ತಿಲ್ಲದ ನಮ್ಮ ಕಡೆಯವರು ಹಿಂದೂಸ್ತಾನಿ ಕೇಳಿದರು. ಗೊತ್ತಿಲ್ಲದವರ ಕಿವಿಗೆ ಹಾಕುವಾಗ ಏನು ಹಾಕ್ತಿದ್ದೀವಿ ಅಂತ ಹೇಳಲೇಬೇಕಲ್ಲ?

ನಿರೂಪಕರ ಶಕ್ತಿ ಏನು ಅನ್ನೋದಕ್ಕೆ ಅದೇ ಕಾಲದ ಇನ್ನೊಂದು ಉದಾಹರಣೆ ಇದೆ. ಆಗ ಪ್ರಸಾರ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಆಕಾಶವಾಣಿಯಲ್ಲಿ ಸಿನಿಮಾ ಹಾಡು ಕಡಿಮೆ ಮಾಡಿ ಶಾಸ್ತ್ರೀಯ ಸಂಗೀತಕ್ಕೆ ಒತ್ತು ಕೊಟ್ಟರು. ಜನ ಸಿಲೋನ್ ರೇಡಿಯೋ ತಿರುಗಿಸಿದರು. ಅಲ್ಲಿ 1952ರ ಕೊನೆಗೆ ಬಿನಾಕಾ ಗೀತ್‌ಮಾಲಾ ಶುರುವಾಯ್ತು. ಹಾಡು ಬೇರೆಡೆಯೂ ಸಿಗುವ ಕಾಲ ಬಂದ ಮೇಲೂ ಜನ ಅಮೀನ್ ಸಯಾನಿಯ ಮಾತಿಗೆ ಕಾದು ಕೂತರು. ಸಿನಿಮಾ ಹಾಡಿಗೇ ಅಷ್ಟು ಒಳ್ಳೆಯ ನಿರೂಪಕ ಬೇಕಾದರೆ, ರಾಗ ಸಂಗೀತಕ್ಕೆ ಬೇಡವೇ?

ಈಗ ನನ್ನ ಕಸುಬಿನ ಕಡೆಯಿಂದ ಒಂದು ಮಾತು. ಎಂಪಿ3 ಫೈಲಿನೊಳಗೆ ಹಾಡಿನ ವಿವರ ಬರೆಯಲು ಐಡಿ3 ಅಂತ ಒಂದು ವ್ಯವಸ್ಥೆ 1996ರಲ್ಲಿ ಬಂತು. ಒಟ್ಟು 128 ಬೈಟು. ಹಾಡಿನ ಹೆಸರಿಗೆ 30, ಕಲಾವಿದರಿಗೆ 30, ಆಲ್ಬಮ್ಮಿಗೆ 30. ಚೆಂಬೈ ವೈದ್ಯನಾಥ ಭಾಗವತರ್ ಅಂತ ಇಂಗ್ಲಿಷಿನಲ್ಲಿ ಬರೆದು ಎಣಿಸಿ ನೋಡಿದೆ, ಜಾಗ ಬಿಟ್ಟಿದ್ದೂ ಸೇರಿ ಸರಿಯಾಗಿ 30 ಆಯ್ತು! ಪಿಟೀಲು ಚೌಡಯ್ಯ, ಮೃದಂಗ ಪಾಲ್ಘಾಟ್ ಮಣಿ ಅಯ್ಯರ್ ಅಂತ ಬರೆಯೋಣ ಅಂದ್ರೆ ಜಾಗವೇ ಇಲ್ಲ. ಆಮೇಲೆ ಬಂದ ಆವೃತ್ತಿಗಳಲ್ಲಿ ಜಾಗಕ್ಕೇನೂ ಬರ ಇಲ್ಲ, ಆದರೆ ಹಾಡು-ಕಲಾವಿದ-ಆಲ್ಬಮ್ ಅನ್ನೋ ಯೋಚನೆ ಹಾಗೇ ಉಳಿದುಕೊಂಡಿತು. ಏಳು ತಂತಿಯ ಪಿಟೀಲು ನುಡಿಸಿದ ಚೌಡಯ್ಯನವರೇ ನನ್ನ ಫೋನಿನಲ್ಲಿ ಹೆಸರಿಲ್ಲದವರಾಗಿಬಿಡ್ತಾರೆ. ಕಛೇರಿಯಲ್ಲಾದರೆ ಪಕ್ಕವಾದ್ಯದವರು ಕಣ್ಣಿಗೆ ಕಾಣ್ತಾರೆ. ಕಿವಿ ಮಾತ್ರ ಇರುವವನಿಗೆ ಯಾರಾದರೂ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಆಕಾಶವಾಣಿಯೇ 2016ರ ಜನವರಿ 26ರಂದು 'ರಾಗಂ' ಅಂತ 24 ಗಂಟೆಯ ಶಾಸ್ತ್ರೀಯ ಸಂಗೀತ ವಾಹಿನಿ ಶುರು ಮಾಡಿತು, ಇಂಟರ್ನೆಟ್ಟಿನಲ್ಲೂ ಕೇಳಬಹುದು. ಅಂದರೆ ತಾಂತ್ರಿಕವಾಗಿ ಆವನಿಗೂ ಬೆಂಗಳೂರಿಗೂ ಈಗ ಅಂತರವಿಲ್ಲ. ಉಳಿದಿರೋದು ಮಾತಿನ ಪ್ರಶ್ನೆ.

ನಾನು ಪಕ್ಷ ಬದಲಿಸಿದ್ದೇನೆ. ನಿರೂಪಕರು ಇರಲಿ. ರಾಗ, ತಾಳ, ರಚನೆಕಾರರು, ಪಕ್ಕವಾದ್ಯದವರು, ಗೊತ್ತಿದ್ದರೆ ಧ್ವನಿಮುದ್ರಣದ ವರ್ಷ, ಇಷ್ಟನ್ನು ಮೊದಲೂ ಕೊನೆಗೂ ಹೇಳಲಿ. ಹೆಸರುಗಳನ್ನು ಒಂದು ಸಲ ಬಾಯಲ್ಲಿ ಹೇಳಿ ನೋಡಿಕೊಂಡು ಬರಲಿ. ಹೊಗಳಿಕೆ ಬಿಡಲಿ. ತಪ್ಪು ಮಾಡಿದರೆ ನಾವು ಆಫೀಸಿನಲ್ಲಿ ಗೊಣಗುವ ಬದಲು ಒಂದು ಕಾಗದ ಬರೆಯೋಣ, ಚೆನ್ನಾಗಿ ಮಾಡಿದರೂ ಬರೆಯೋಣ. ಇದುವರೆಗೆ ನಾನು ಎಷ್ಟು ಬರೆದಿದ್ದೇನೆ ಅಂತ ಕೇಳಬೇಡಿ, ಸೊನ್ನೆ :) ಈ ವಾರ ಮೊದಲನೆಯದು ಹಾಕ್ತೀನಿ.

ತಾತನಿಗೆ ಹೊಸ ರೇಡಿಯೋ ಹುಡುಕ್ತಾ ಇದೀನಿ, ಮೀಡಿಯಂ ವೇವ್ ಇರೋದು. ಎಲ್ಲಿ ಒಳ್ಳೇದು ಸಿಗುತ್ತೆ ಗೊತ್ತಿದ್ದರೆ ತಿಳಿಸಿ. ಹಾಗೇ, ನಿಮಗೆ ರಾಗದ ಹೆಸರು ಕಲಿಸಿದ ಉದ್ಘೋಷಕರು ಯಾರಾದರೂ ಇದ್ದರೆ ಅದನ್ನೂ ಹೇಳಿ. ಏನಂತೀರಾ?