ಗುಜರಿ ಇಂಜಿನ್ ತರುವ ಮೊದಲು ಬೋರ್ ಅಳೆಸಿ

ಲಾರಿ ಹೊಗೆ ಉಗುಳಲು, ಆಯಿಲ್ ಕುಡಿಯಲು ಶುರುಮಾಡಿದ ದಿನವೇ ಗ್ಯಾರೇಜಿನಲ್ಲಿ ಸಲಹೆಯೊಂದು ಸಿದ್ಧವಾಗಿರುತ್ತದೆ: 'ಇಂಜಿನ್ ಮುಗೀತು, ಬೇರೇದು ಎತ್ತಿ ಹಾಕಿಬಿಡೋಣ.' ಕಳಂಬೊಲಿಯ ಸ್ಟೀಲ್ ಮಾರ್ಕೆಟಿನಲ್ಲಿ ಲಾರಿ ಓಡಿಸಿ ಬದುಕುವ ನಮ್ಮವರಲ್ಲಿ ಈ ಮಾತು ಕೇಳದವರಿಲ್ಲ. ಮುಂಬೈಯವರಿಗೆ ಕುರ್ಲಾ, ದೆಹಲಿಯವರಿಗೆ ಮಾಯಾಪುರಿ, ಚೆನ್ನೈಯವರಿಗೆ ಪುದುಪೇಟೆ. ಹೋದರೆ ಸಾಲಾಗಿ ಇಂಜಿನ್‌ಗಳು ಕೂತಿರುತ್ತವೆ. ಈ ಸಲಹೆ ಬಹುಪಾಲು ಸಲ ತಪ್ಪು ಎಂಬುದು ನನ್ನ ವಾದ. ನಾನೂ ಅದನ್ನು ಕೇಳಿ ಕೈಸುಟ್ಟುಕೊಂಡವನು, ಹಾಗಾಗಿ ಸ್ವಲ್ಪ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ.

ನಮ್ಮದು 2013ರ ಟಾಟಾ 2518, 5.9 ಲೀಟರಿನ ಕಮಿನ್ಸ್ ಇಂಜಿನ್. ಕಳಂಬೊಲಿಯಿಂದ ಹುಬ್ಬಳ್ಳಿಗೆ ಕಾಯಿಲ್ ಹೊರುತ್ತಿತ್ತು. ಜಮಖಂಡಿ ಕಡೆಯ ಡ್ರೈವರ್ ಒಂದು ದಿನ ಫೋನ್ ಮಾಡಿ, 'ಅಣ್ಣಾರ, ಗಾಡಿ ಘಾಟ್ ಏರಾಕ ಒಲ್ಲೆ ಅಂತೈತ್ರಿ, ಆಯಿಲ್ ಬ್ಯಾರೆ ಕುಡಿಯಾಕತ್ತೈತ್ರಿ' ಅಂದ. ಮಿಸ್ತ್ರಿ ಆಯಿಲ್ ಹಾಕುವ ಮುಚ್ಚಳ ತೆಗೆದ, ಅಲ್ಲಿಂದ ಹೊಗೆ ಬುಸುಗುಟ್ಟಿತು. 'ಬ್ಯಾಕ್ ಕಂಪ್ರೆಷನ್' ಎಂದು ಐದು ನಿಮಿಷದಲ್ಲಿ ತೀರ್ಪು ಕೊಟ್ಟ. ಗೇಜು ಯಾರೂ ಹಚ್ಚಲಿಲ್ಲ. ಅದೇ ಮಾಡೆಲಿನ ಇಂಜಿನ್ ಗುಜರಿಯಿಂದ ಬಂತು, ಎರಡು ದಿನದಲ್ಲಿ ಕೂರಿಸಿದರು. ಹಳೆಯದನ್ನು ತೂಕಕ್ಕೆ ಕೊಟ್ಟೆವು.

ಏಳು ತಿಂಗಳಿಗೆ, ಮಾಲು ತುಂಬಿಕೊಂಡು ನಿಪ್ಪಾಣಿ ಹತ್ತಿರದ ತವಂದಿ ಘಾಟಿನಲ್ಲಿ, ಮತ್ತೆ ಅದೇ ರೋಗ. ಈ ಸಲ ಬೇರೆ ಮಿಸ್ತ್ರಿ ನೋಡಿದ. ಏರ್ ಫಿಲ್ಟರಿಗೂ ಟರ್ಬೊಗೂ ನಡುವಿನ ರಬ್ಬರ್ ಹೋಸು ಕ್ಲಾಂಪಿನ ಕೆಳಗೆ, ಕಣ್ಣಿಗೆ ಬೀಳದ ಕಡೆ, ಸೀಳಿತ್ತು. ಫಿಲ್ಟರ್ ಎಷ್ಟು ಹೊಸದಿದ್ದರೇನು, ಹೆದ್ದಾರಿಯ ದೂಳು ನೇರ ಸಿಲಿಂಡರಿಗೆ ಹೋಗಿ ಮರಳುಕಾಗದದಂತೆ ಬೋರನ್ನೂ ರಿಂಗನ್ನೂ ಉಜ್ಜುತ್ತಿತ್ತು. ಮೊದಲ ಇಂಜಿನ್ ಸವೆದದ್ದಕ್ಕೂ ಇದೇ ಕಾರಣವಿರಬೇಕು. ಎರಡನೆಯದನ್ನು ನಾವೇ ತಂದು ಅದೇ ಹೋಸಿನ ಬಾಯಿಗೆ ಕೊಟ್ಟಿದ್ದೆವು. ಆ ಹೋಸಿನ ಬೆಲೆ ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ.

ಇಂಜಿನ್ ಬದಲಿಸಿದರೆ, ಅದು ಯಾಕೆ ಸವೆಯಿತು ಎಂಬ ಪ್ರಶ್ನೆಯನ್ನು ಯಾರೂ ಕೇಳಬೇಕಾಗಿಲ್ಲ. ಮಿಸ್ತ್ರಿಗೆ ಅದೇ ಅನುಕೂಲ. ಆರು ಸಿಲಿಂಡರಿಗೂ ಒಂದೊಂದಾಗಿ ಕಂಪ್ರೆಷನ್ ಗೇಜು ಹಚ್ಚಿದರೆ ಅರ್ಧ ಕಥೆ ಹೊರಬರುತ್ತದೆ. ಒಂದೇ ಸಿಲಿಂಡರ್ ಇಳಿದಿದ್ದರೆ ಅಲ್ಲಿನ ವಾಲ್ವೋ, ರಿಂಗೋ, ಗ್ಯಾಸ್ಕೆಟ್ಟೋ ಹೋಗಿರುತ್ತದೆ. ಆರೂ ಇಳಿದಿದ್ದರೆ ಮಾತ್ರ ಬೋರಿನ ಮೇಲೆ ಅನುಮಾನ. ಟರ್ಬೊದ ಸೀಲು ಹೋದರೂ ನೀಲಿ ಹೊಗೆ ಬರುತ್ತದೆ, ಆಯಿಲ್ ಕಡಿಮೆಯಾಗುತ್ತದೆ. ಅದಕ್ಕೆ ಇಂಜಿನ್ ಇಳಿಸುವವರನ್ನು ಕಂಡಿದ್ದೇನೆ. ಬೋರೇ ಸವೆದಿದೆ ಅನ್ನಿ, ಆಗಲೂ 'ಮುಗೀತು' ಅನ್ನುವ ಹಾಗಿಲ್ಲ. ಈ ಕಮಿನ್ಸಿನಲ್ಲಿ ಲೈನರ್ ಇಲ್ಲ, ಬ್ಲಾಕಿನಲ್ಲೇ ಸಿಲಿಂಡರ್ ಕೊರೆದಿರುತ್ತಾರೆ. ಅದನ್ನು 0.5 ಮಿ.ಮೀ., ಮತ್ತೊಮ್ಮೆ ಸವೆದರೆ 1 ಮಿ.ಮೀ. ದೊಡ್ಡದು ಮಾಡಿ ಓವರ್‌ಸೈಜ್ ಪಿಸ್ಟನ್ ಹಾಕಬಹುದು. ಲೈನರ್ ಇರುವ ಇಂಜಿನ್ನಾದರೆ ಲೈನರನ್ನೇ ಬದಲಿಸಿದರಾಯಿತು. ಕ್ರ್ಯಾಂಕನ್ನೂ ಗ್ರೈಂಡ್ ಮಾಡಿ ಅಳತೆಯ ಬೇರಿಂಗ್ ಹಾಕುತ್ತಾರೆ.

'ಲೇತ್ ಶಾಪಿನಲ್ಲಿ ಹತ್ತು ಹನ್ನೆರಡು ದಿನ ಹೋಗುತ್ತೆ, ಇಎಂಐ ಯಾರು ಕಟ್ಟುತ್ತಾರೆ?' ಎಂಬುದು ಎದುರಾಳಿಗಳ ಗಟ್ಟಿ ಮಾತು. ನಿಜ, ನಿಂತ ಗಾಡಿ ತಿನ್ನುತ್ತದೆ. ಆದರೆ ಓಡುವ ಗಾಡಿಯೂ ತಿನ್ನುತ್ತದೆ. ತಿಂಗಳಿಗೆ 8,000 ಕಿ.ಮೀ. ಓಡುವ ಲಾರಿ ಲೀಟರಿಗೆ 4 ಕಿ.ಮೀ. ಕೊಟ್ಟರೆ 2,000 ಲೀಟರ್ ಡೀಸೆಲ್ ಬೇಕು. 3.5ಕ್ಕೆ ಇಳಿದರೆ ಸುಮಾರು 2,285 ಲೀಟರ್. ಲೀಟರಿಗೆ 90 ರೂಪಾಯಿಯಂತೆ ತಿಂಗಳಿಗೆ 25,000 ರೂಪಾಯಿಗೂ ಹೆಚ್ಚು ಹೊಗೆಯಾಗಿ ಹೋಯಿತು. ಗುಜರಿ ಇಂಜಿನ್ ಎಷ್ಟು ಮೈಲೇಜ್ ಕೊಡುತ್ತದೆಂದು ಮಾರುವವನಿಗೇ ಗೊತ್ತಿರುವುದಿಲ್ಲ. ಅದು ಎಷ್ಟು ಓಡಿತ್ತು, ಬಿಸಿಯಾಗಿ ಹೆಡ್ ಬಾಗಿತ್ತೇ, ನೆರೆನೀರಿನಲ್ಲಿ ಮುಳುಗಿತ್ತೇ, ಯಾರೂ ಹೇಳುವುದಿಲ್ಲ. ಹೊಸ ಬಣ್ಣ ಬಳಿದಿರುತ್ತಾರೆ, ಅದೊಂದೇ ಹೊಸದು. ಗ್ಯಾರಂಟಿ ಬಾಯಿಮಾತಿನದು.

ಇನ್ನು ಕಾಗದ. ಇಂಜಿನ್ ನಂಬರ್ ಆರ್‌ಸಿಯಲ್ಲಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಒಪ್ಪಿಗೆ ಪಡೆಯದೆ ಇಂಜಿನ್ ಬದಲಿಸಿದ್ದರೆ 14 ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ನಮಗೆ ಇದನ್ನು ಯಾರೂ ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಮುಂದೆ ಲಾರಿ ಮಾರಲು ಹೋದಾಗ ಕೊಳ್ಳುವವರು ಪೆನ್ಸಿಲ್ ಉಜ್ಜಿ ನಂಬರ್ ತೆಗೆದರು. ಆರ್‌ಸಿಗೆ ತಾಳೆಯಾಗಲಿಲ್ಲ. ಬಿಲ್ ಕೇಳಿದರು, ನಮ್ಮ ಬಳಿ ಇದ್ದದ್ದು ಸಹಿಯಿಲ್ಲದ ಚೀಟಿ. ಕದ್ದ ಗಾಡಿಯ ಇಂಜಿನ್ ಆಗಿದ್ದರೆ ಏನಾಗುತ್ತಿತ್ತು ಎಂದು ಅಪ್ಪ ಆ ರಾತ್ರಿ ನಿದ್ದೆ ಮಾಡಲಿಲ್ಲ. ವ್ಯಾಪಾರ ಮುರಿಯಿತು.

ಬದಲಿಸಲೇಬೇಕಾದ ಸಂದರ್ಭಗಳೂ ಇವೆ. ಕನೆಕ್ಟಿಂಗ್ ರಾಡ್ ಬ್ಲಾಕನ್ನು ತೂತು ಮಾಡಿ ಹೊರಬಂದಿದ್ದರೆ, ಬ್ಲಾಕ್ ಸೀಳಿದ್ದರೆ ರಿಪೇರಿಯ ಮಾತಿಲ್ಲ. ಆಗಲೂ ಗುಜರಿಗೆ ಹೋಗುವ ಮೊದಲು ಕಂಪನಿಯವರನ್ನು ಕೇಳಿ. ಟಾಟಾದವರ ಪ್ರೋಲೈಫಿನಂಥ ಯೋಜನೆಯಲ್ಲಿ ಹಳೆಯ ಇಂಜಿನ್ ಕೊಟ್ಟು ರಿಕಂಡೀಷನ್ ಮಾಡಿದ್ದನ್ನು ತೆಗೆದುಕೊಳ್ಳಬಹುದು, ಬಿಲ್ಲೂ ವಾರಂಟಿಯೂ ಇರುತ್ತವೆ. ಹಳೆಯದನ್ನು ಅವಸರದಲ್ಲಿ ತೂಕಕ್ಕೆ ಹಾಕಿದರೆ ವಿನಿಮಯಕ್ಕೆ ಏನು ಕೊಡುತ್ತೀರಿ?

ದೆಹಲಿ ಕಡೆಯ ಓದುಗರು ಇಂಜಿನ್ನಿಗಿಂತ ಮೊದಲು ಆರ್‌ಸಿಯ ತಾರೀಖು ನೋಡಲಿ. 10 ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲೆ ಹಸಿರು ನ್ಯಾಯಮಂಡಳಿ 2015ರಲ್ಲಿ ಹೇರಿದ ನಿಷೇಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಆಮೇಲೆ ಸಡಿಲಿಕೆ, ಬಿಗಿ ಎರಡೂ ನಡೆದಿವೆ. ಆದರೆ ಇಂಜಿನ್ ಹೊಸದಾಯಿತೆಂದು ಲಾರಿಯ ವಯಸ್ಸು ಒಂದು ದಿನವೂ ಇಳಿಯುವುದಿಲ್ಲ. ಅಲ್ಲೇ ಓಡಿಸುವ ಒಂಬತ್ತು ವರ್ಷದ ಗಾಡಿಗೆ ದೊಡ್ಡ ಖರ್ಚು ಮಾಡುವುದು ಹುಚ್ಚು. ಅದನ್ನು ಮಾರುವುದೇ ಮೇಲು.

ನಮ್ಮ ಎರಡನೆಯ ಲಾರಿ 2016ರದು. ಹೋದ ತಿಂಗಳು ಅದೂ ಹೊಗೆ ಬಿಟ್ಟಿತು. ಮಿಸ್ತ್ರಿ ಹಳೆಯ ರಾಗ ತೆಗೆದ, ನಾನು ಗೇಜು ತರಿಸಿದೆ. ಐದು ಸಿಲಿಂಡರ್ ಸರಿಯಿದ್ದವು, ನಾಲ್ಕನೆಯದರಲ್ಲಿ ವಾಲ್ವ್ ಸುಟ್ಟಿತ್ತು. ಹೆಡ್ ಮಾತ್ರ ಲೇತ್ ಶಾಪಿಗೆ ಹೋಯಿತು, ನಾಲ್ಕನೆಯ ದಿನ ಗಾಡಿ ಖಂಬಾಟಕಿ ಘಾಟ್ ಏರುತ್ತಿತ್ತು. ಹೋಸು ಮಾತ್ರ ಎರಡು ತಂದು ಕ್ಯಾಬಿನ್ನಿನಲ್ಲಿ ಇಟ್ಟಿದ್ದೇವೆ.