ಸತ್ತದ್ದು ಮೋಟರ್ ಅಲ್ಲ, ರೆಕ್ಟಿಫೈಯರ್

"ಸ್ಟಾರ್ಟ್ ಆಗಂಗಿಲ್ರಿ, ಗುಜರಿಗೆ ಹಾಕೋದಷ್ಟೇ." ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ತಾಡಪತ್ರಿ ಹೊದಿಸಿಟ್ಟಿದ್ದ ಹಳೆಯ ದೋಣಿ ಮೋಟರ್ ತೋರಿಸಿ ಒಬ್ಬರು ಹೀಗಂದರು. ಹಗ್ಗ ಸುತ್ತಿ ಮೂರು ಸಲ ಎಳೆದೆವು, ಶುರುವಾಯಿತು! ಇಂಜಿನ್‌ಗೆ ಏನೂ ಆಗಿರಲಿಲ್ಲ. ಬ್ಯಾಟರಿ ಚಾರ್ಜ್ ಆಗುತ್ತಿರಲಿಲ್ಲ, ಅಷ್ಟೇ. ಕೆಟ್ಟದ್ದು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ರೆಕ್ಟಿಫೈಯರ್.

ಇದು ದೋಣಿ ಇರುವವರ ತಲೆನೋವು ಮಾತ್ರ ಅಂದುಕೊಳ್ಳಬೇಡಿ. ಇಂಡಿ, ಸಿಂದಗಿಗೆ ಭೀಮೆ ಇದ್ದಾಳೆ. ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಗೆ ಕೃಷ್ಣೆ ಇದ್ದಾಳೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ, 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿದ್ದನ್ನು ಮರೆತಿದ್ದೀರಾ? ಆ ಹೊತ್ತಿನಲ್ಲಿ ಗುಂಡಿ ಒತ್ತಿದಾಗ ಶುರುವಾಗದ ಮೋಟರ್ ಇದ್ದರೂ ಇಲ್ಲದಂತೆ.

ಹಾಗಾದರೆ ರೆಕ್ಟಿಫೈಯರ್ ಮಾಡೋದೇನು? ನಿಮ್ಮ ಪಂಪ್‌ಸೆಟ್‌ನ ಫುಟ್‌ವಾಲ್ವ್ ನೆನಪಿಸಿಕೊಳ್ಳಿ. ನೀರು ಮೇಲೆ ಹೋಗಬೇಕು, ವಾಪಸ್ ಬರಬಾರದು. ಇದರೊಳಗಿನ ಡಯೋಡ್‌ಗಳದ್ದೂ ಅದೇ ಕೆಲಸ. ಇಂಜಿನ್ ತಿರುಗಿದಾಗ ಕಾಯಿಲ್‌ನಲ್ಲಿ ಹುಟ್ಟುವುದು ಎಸಿ ಕರೆಂಟ್, ಬ್ಯಾಟರಿಗೆ ಬೇಕಾದದ್ದು ಡಿಸಿ. ಡಯೋಡ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ.

ಪರೀಕ್ಷೆಗೆ ಮಲ್ಟಿಮೀಟರ್ ಸಾಕು. ಇಂಜಿನ್ ವೇಗ ಹೆಚ್ಚಿಸಿದರೂ ಬ್ಯಾಟರಿಯ ವೋಲ್ಟ್ 12.6 ದಾಟದಿದ್ದರೆ ಚಾರ್ಜಿಂಗ್ ಅನುಮಾನ. ಮೊದಲು ವೈರು, ಫ್ಯೂಸು, ತುಕ್ಕು ಹಿಡಿದ ಟರ್ಮಿನಲ್ ನೋಡಿ. ಆಮೇಲೆ ಇಂಜಿನ್ ನಿಲ್ಲಿಸಿ, ರೆಕ್ಟಿಫೈಯರ್ ಬಿಚ್ಚಿ, ಡಯೋಡ್ ಮೋಡ್‌ನಲ್ಲಿ ಎರಡೂ ದಿಕ್ಕಿಗೆ ಮುಟ್ಟಿಸಿ. ಒಂದು ಕಡೆ ಮಾತ್ರ ರೀಡಿಂಗ್ ಬಂದರೆ ಸರಿ. ಎರಡೂ ಕಡೆ ಬಂದರೂ, ಎರಡೂ ಕಡೆ ಬರದಿದ್ದರೂ ಅದು ಸತ್ತಿದೆ.

ನಮ್ಮೂರ ಬೈಕ್ ಮೆಕ್ಯಾನಿಕ್‌ಗಳು ವಾರಕ್ಕೊಮ್ಮೆ ಇದನ್ನೇ ಮಾಡುತ್ತಾರೆ. ಹಾಗಂತ ಬೈಕಿನದ್ದನ್ನೇ ತಂದು ಜೋಡಿಸಬೇಡಿ. ಆ ಮೋಟರಿಗೆ ಹೊಂದುವ ಆಂಪಿಯರ್‌ನದ್ದೇ ಬೇಕು. ಅರ್ಥ್ ಕೊಡುವ ಜಾಗ ಉಜ್ಜಿ ಸ್ವಚ್ಛ ಮಾಡಿ. ಬ್ಯಾಟರಿಯ ಪ್ಲಸ್, ಮೈನಸ್ ಅದಲುಬದಲು ಮಾಡಬೇಡಿ, ಇಂಜಿನ್ ಓಡುವಾಗ ಬ್ಯಾಟರಿ ಕಳಚಬೇಡಿ. ಹೊಸ ರೆಕ್ಟಿಫೈಯರ್ ಸುಡುವುದು ಬಹುತೇಕ ಈ ಎರಡು ತಪ್ಪಿನಿಂದ.

"ಜೀವ ಉಳಿಸುವ ದೋಣಿಯನ್ನು ಹಳ್ಳಿ ಮೆಕ್ಯಾನಿಕ್ ಕೈಗೆ ಕೊಡೋದಾ?" ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಉತ್ತರವೂ ಸರಳ: ರಿಪೇರಿ ಆದ ಮೇಲೆ ನೀರಿಗಿಳಿಸಿ ಒಂದು ತಾಸು ಓಡಿಸಿ, ವೋಲ್ಟ್ ಬರೆದಿಡಿ, ಸಹಿ ಹಾಕಿಸಿ. ಬೇಡವೆಂದರೆ ತಾಡಪತ್ರಿಯ ಕೆಳಗೆ ಕೊಳೆಯುವ ಮೋಟರ್ ಯಾವ ಜೀವ ಉಳಿಸುತ್ತದೆ? ಊರಿನ ಮೆಕ್ಯಾನಿಕ್ ಮೇಲೆ ನಂಬಿಕೆ ಇಲ್ಲದವರು ಗುಜರಿಯವನ ಮೇಲೆ ಅದೆಷ್ಟು ಬೇಗ ನಂಬಿಕೆ ಇಡುತ್ತಾರೆ!

ಕಾಯಕದ ಮಾತಾಡುವ ಬಸವಣ್ಣನವರ ಜನ್ಮಸ್ಥಳ ನಮ್ಮದು. ವೇದಿಕೆ ಮೇಲೆ ಮಾತ್ರ ಆ ಮಾತು ಸಾಕೇ? ಐಟಿಐ ಕಲಿತ ಹುಡುಗರು ನಮ್ಮಲ್ಲೇ ಕೆಲಸವಿಲ್ಲದೆ ಕೂತಿದ್ದಾರೆ. ಅವರ ಕೈಗೊಂದು ಮೀಟರ್ ಕೊಡಿ.

ನೀವು ಮಾಡಬೇಕಾದದ್ದು ಇಷ್ಟೇ. ಜೂನ್ ಬರುವ ಮುಂಚೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ತಾಲ್ಲೂಕಿನ ದೋಣಿ ಎಲ್ಲಿದೆ? ಕೊನೆಯ ಬಾರಿ ಯಾವಾಗ ಓಡಿಸಿದ್ದೀರಿ? ಬ್ಯಾಟರಿ ಎಷ್ಟು ವೋಲ್ಟ್ ತೋರಿಸಿತು? ಉತ್ತರ ಬಾರದಿದ್ದರೆ ಮತ್ತೆ ಕೇಳಿ. ಹೊಳೆ ಬಂದ ಮೇಲೆ ಕೇಳಿದರೆ ಉತ್ತರ ಕೊಡೋದಕ್ಕೆ ಯಾರೂ ಇರೋದಿಲ್ಲ.